ಪ್ರಶ್ನಾರ್ಥಕ ಚಿಹ್ನೆಯ ವಿಳಾಸ ಬಿಟ್ಟು ಓದಬಲ್ಲ ವಿಳಾಸಕ್ಕೆ: ಯಾವ ದಾರಿ ಯಾರಿಗೆ?

ಹಳೆಯ ಪಿಎಚ್‌ಪಿ (ಸರ್ವರ್‌ನಲ್ಲಿ ಪುಟ ತಯಾರಿಸುವ ಭಾಷೆ) ಸೈಟುಗಳ ವೆಬ್ ವಿಳಾಸ, ಅಂದರೆ ಯುಆರ್‌ಎಲ್, ಸಾಮಾನ್ಯವಾಗಿ ಹೀಗಿರುತ್ತದೆ: 'ಇಂಡೆಕ್ಸ್.ಪಿಎಚ್‌ಪಿ?ಕ್ಯಾಟ್=7&ಐಡಿ=482'. 7 ಅಂದರೆ ಪುಸ್ತಕ ವಿಮರ್ಶೆ, 482 ಅಂದರೆ ಇಂಥದ್ದೇ ಲೇಖನ ಎಂದು ಡೇಟಾಬೇಸ್‌ಗೆ ಗೊತ್ತು. ಲಿಂಕ್ ಒತ್ತಬೇಕೋ ಬೇಡವೋ ಎಂದು ಯೋಚಿಸುತ್ತಿರುವ ಓದುಗರಿಗೆ ಗೊತ್ತಿಲ್ಲ. ಅದೇ ಪುಟವನ್ನು '/ಲೇಖನ/482/ನಾಟಕ-ವಿಮರ್ಶೆ' ಎಂದು ತೋರಿಸುವುದು ಹೊಸ ವಿದ್ಯೆಯೇನಲ್ಲ. ರಾಲ್ಫ್ ಎಂಗೆಲ್‌ಶಾಲ್ ಅಪಾಚೆ ಸರ್ವರ್‌ಗಾಗಿ ಮಾಡ್_ರೀರೈಟ್ ಎಂಬ, ವಿಳಾಸ ಬದಲಿಸುವ ಮಾಡ್ಯೂಲ್ ಬರೆದದ್ದು 1996ರಲ್ಲಿ. ಈಗ ಅದರ ಜೊತೆಗೆ ಇನ್ನೂ ನಾಲ್ಕೈದು ದಾರಿಗಳಿವೆ, ಗೊಂದಲವೂ ಅಷ್ಟೇ ಇದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ವಿಳಾಸಗಳನ್ನೂ ಕಮಾಂಡುಗಳನ್ನೂ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ನಿಮ್ಮ ಫೈಲಿನಲ್ಲಿ ಕಮಾಂಡುಗಳು ಇಂಗ್ಲಿಷಿನಲ್ಲೇ ಇರಬೇಕು.

ಈ ಕೆಲಸಕ್ಕೆ ಕೈಹಾಕುವ ಬಹುತೇಕರು ಮೊದಲು ಕೇಳುವುದು 'ಎಚ್‌ಟಿಆಕ್ಸೆಸ್ ಫೈಲಿಗೆ ಏನು ಹಾಕಲಿ?' (ಅಪಾಚೆ ಪಾಲಿಸಬೇಕಾದ ನಿಯಮಗಳನ್ನು ಸೈಟಿನ ಫೋಲ್ಡರಿನಲ್ಲೇ ಬರೆದಿಡುವ ಫೈಲ್ ಅದು) ಎಂದು. ನನ್ನ ಪ್ರಕಾರ ಅದು ಎರಡನೆಯ ಪ್ರಶ್ನೆ. ನಿಯಮ ಎಲ್ಲಿ ಬರೆಯಬೇಕೆಂಬುದನ್ನು ನಿಮ್ಮ ಹೋಸ್ಟಿಂಗ್ ತೀರ್ಮಾನಿಸುತ್ತದೆ. ನಾಳೆ ಹೋಸ್ಟಿಂಗ್ ಬದಲಾಯಿಸಿದರೆ ನಿಯಮವನ್ನೂ ಬದಲಾಯಿಸುತ್ತೀರಿ, ಓದುಗರಿಗೆ ಸುಳಿವೂ ಹತ್ತುವುದಿಲ್ಲ. ವಿಳಾಸದ ರೂಪ ಹಾಗಲ್ಲ. ಒಮ್ಮೆ ಅದು ವಾಟ್ಸ್ಯಾಪ್ ಗುಂಪುಗಳಿಗೆ, ಇನ್ನೊಬ್ಬರ ಲೇಖನಕ್ಕೆ, ಅಚ್ಚಾದ ಪುಸ್ತಕದ ಅಡಿಟಿಪ್ಪಣಿಗೆ ಹೋಯಿತೆಂದರೆ ನಿಮ್ಮ ಕೈತಪ್ಪಿದ ಹಾಗೆಯೇ. ಹಾಗಾಗಿ ರೂಪದಿಂದಲೇ ಶುರುಮಾಡೋಣ.

ವಿಳಾಸದ ರೂಪ: ಅಂಕಿಯೋ, ಹೆಸರೋ, ಎರಡೂನೋ

ಬರೀ ಅಂಕಿ, ಅಂದರೆ '/ಲೇಖನ/482', ಎಲ್ಲಕ್ಕಿಂತ ಗಟ್ಟಿ. ಶೀರ್ಷಿಕೆ ಎಷ್ಟು ಸಲ ತಿದ್ದಿದರೂ ವಿಳಾಸ ಅಲುಗುವುದಿಲ್ಲ. ಪ್ರಶ್ನಾರ್ಥಕ ಚಿಹ್ನೆ ಹೋಯಿತು ಎನ್ನುವುದು ಬಿಟ್ಟರೆ ಓದುಗರಿಗೆ ಇದರಿಂದ ಹೆಚ್ಚೇನೂ ದಕ್ಕುವುದಿಲ್ಲ. ರಸೀದಿ, ಅರ್ಜಿ, ಆರ್ಡರ್ ಪುಟಗಳಿಗೆ ಇದು ಸಾಕು, ಅಲ್ಲಿ ಹೆಸರು ಯಾರಿಗೂ ಬೇಕಾಗಿಲ್ಲ. (ಅಂಕಿ ಬದಲಿಸಿದರೆ ಬೇರೆಯವರ ರಸೀದಿ ಕಾಣಿಸುವಂತಿದ್ದರೆ ಅದು ವಿಳಾಸದ ದೋಷವಲ್ಲ, ಕೋಡಿನದು. ಅಂಕಿಯನ್ನು ಮರೆಮಾಡಿದರೆ ಭದ್ರತೆ ಬರುತ್ತದೆ ಎಂದು ನಂಬಬೇಡಿ.)

ಬರೀ ಹೆಸರಿನ ಸ್ಲಗ್ (ವಿಳಾಸದಲ್ಲಿ ಪುಟವನ್ನು ಹೆಸರಿಸುವ ಪದಗಳ ತುಂಡು) ನೋಡಲು ಅಂದ. ತೊಂದರೆ ಶುರುವಾಗುವುದು ಹೆಸರು ಬದಲಾದಾಗ. 2014ರ ನವೆಂಬರ್ 1ರಂದು ಬೆಂಗಳೂರು, ಮೈಸೂರು, ಬೆಳಗಾವಿ ಸೇರಿ ರಾಜ್ಯದ 12 ನಗರಗಳ ಹೆಸರುಗಳು ಅಧಿಕೃತವಾಗಿ ಬದಲಾದವು. ಹಳೆಯ ಇಂಗ್ಲಿಷ್ ಕಾಗುಣಿತವನ್ನೇ ವಿಳಾಸದ ಗುರುತಾಗಿ ಇಟ್ಟುಕೊಂಡಿದ್ದ ಸೈಟುಗಳ ಮುಂದೆ ಉಳಿದದ್ದು ಎರಡೇ ದಾರಿ: ಹಳೆಯ ಹೆಸರಲ್ಲೇ ಮುಂದುವರಿಯುವುದು, ಇಲ್ಲವೇ ಪ್ರತಿ ಪುಟಕ್ಕೂ ರೀಡೈರೆಕ್ಟ್ (ಹಳೆಯ ವಿಳಾಸದಿಂದ ಹೊಸದಕ್ಕೆ ಕಳಿಸುವ ಸೂಚನೆ) ಹಾಕುವುದು.

ಅಂಕಿ ಮತ್ತು ಹೆಸರು ಎರಡನ್ನೂ ಇಟ್ಟುಕೊಳ್ಳುವುದು ನಾನು ಬಹುತೇಕರಿಗೆ ಹೇಳುವ ದಾರಿ: '/ಲೇಖನ/482/ನಾಟಕ-ವಿಮರ್ಶೆ'. ಹೊಲದ ಸರ್ವೆ ನಂಬರಿನಂತೆ ಇಲ್ಲಿ ಗುರುತು ಹಿಡಿಯುವುದು ಅಂಕಿ. ಹೆಸರು ಯಾರದ್ದಿದ್ದರೂ ಜಾಗ ಅದೇ. ಸ್ಟ್ಯಾಕ್ ಓವರ್‌ಫ್ಲೋ ತಾಣದ ಪ್ರಶ್ನೆಗಳ ವಿಳಾಸ ಗಮನಿಸಿದ್ದರೆ ನಿಮಗೆ ಇದು ಹೊಸದಲ್ಲ. ಅಲ್ಲಿ ಅಂಕಿಯ ನಂತರದ ಹೆಸರನ್ನು ಅಳಿಸಿದರೂ, ತಪ್ಪಾಗಿ ಬರೆದರೂ ಸರಿಯಾದ ಪುಟಕ್ಕೇ ಹೋಗುತ್ತೀರಿ, ಮತ್ತು ಸರ್ವರ್ ನಿಮ್ಮನ್ನು ಈಗಿನ ಹೆಸರಿನ ವಿಳಾಸಕ್ಕೆ ತಿರುಗಿಸುತ್ತದೆ. ಕೊನೆಯ ಆ ತಿರುಗಿಸುವ ಕೆಲಸವನ್ನು ಮರೆಯಬೇಡಿ. ಮರೆತರೆ ಒಂದೇ ಪುಟ ನೂರು ವಿಳಾಸಗಳಲ್ಲಿ ತೆರೆದುಕೊಳ್ಳುತ್ತದೆ, ಹುಡುಕಾಟದ ಯಂತ್ರಗಳು ಯಾವುದನ್ನು ಅಸಲಿ ಎನ್ನಬೇಕೆಂದು ತಡಕಾಡುತ್ತವೆ. 2009ರಲ್ಲಿ ಗೂಗಲ್, ಯಾಹೂ, ಮೈಕ್ರೋಸಾಫ್ಟ್ ಒಟ್ಟಾಗಿ ತಂದ ಕ್ಯಾನಾನಿಕಲ್ ಟ್ಯಾಗನ್ನೂ (ಇದೇ ಅಸಲಿ ವಿಳಾಸ ಎಂದು ಹೇಳುವ ಸಾಲು) ಪುಟದ ತಲೆಭಾಗದಲ್ಲಿ ಹಾಕಿಟ್ಟರೆ ಇನ್ನೂ ಒಳ್ಳೆಯದು.

ವಿಭಾಗದ ಹೆಸರನ್ನು ವಿಳಾಸಕ್ಕೆ ಸೇರಿಸುವ ಆಸೆಯೂ ಹಲವರಿಗಿರುತ್ತದೆ: '/ಸಾಹಿತ್ಯ/ವಿಮರ್ಶೆ/ನಾಟಕ/…'. ಬೇಡ. ವಿಳಾಸಗಳು ಬದಲಾಗಬಾರದು ಎಂದು ವೆಬ್ ಕಂಡುಹಿಡಿದ ಟಿಮ್ ಬರ್ನರ್ಸ್-ಲೀ 1998ರಲ್ಲೇ ಬರೆದಾಗ ಫೈಲಿನ ಬಾಲ, ಸಾಫ್ಟ್‌ವೇರಿನ ಹೆಸರುಗಳ ಜೊತೆಗೆ ವಿಷಯದ ವರ್ಗೀಕರಣವನ್ನೂ ಹೊರಗಿಡಿ ಎಂದಿದ್ದರು. ಇವತ್ತು ವಿಮರ್ಶೆ ಅನ್ನಿಸಿದ್ದು ಎರಡು ವರ್ಷ ಕಳೆದ ಮೇಲೆ ಅಂಕಣ ಅನ್ನಿಸಬಹುದು.

ಕನ್ನಡ ಅಕ್ಷರವೋ, ಇಂಗ್ಲಿಷ್ ಅಕ್ಷರವೋ

ಬೇರೆ ಭಾಷೆಯವರ ಮಾರ್ಗದರ್ಶಿಗಳಲ್ಲಿ ಈ ಭಾಗ ಸಿಗುವುದಿಲ್ಲ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಕನ್ನಡ ವಿಕಿಪೀಡಿಯದ ಪುಟಗಳ ವಿಳಾಸ ಕನ್ನಡದಲ್ಲೇ ಇದೆ. ಬ್ರೌಸರಿನ ಮೇಲ್ಪಟ್ಟಿಯಲ್ಲಿ 'ಕುವೆಂಪು' ಎಂದೇ ಓದಬಹುದು. ಅದನ್ನು ನಕಲಿಸಿ ಸಂದೇಶಕ್ಕೆ ಅಂಟಿಸಿದಾಗ ಮಾತ್ರ ಶೇಕಡಾ ಚಿಹ್ನೆಗಳ ಸರಮಾಲೆ ಬಂದು ಬೀಳುತ್ತದೆ. ಕಾರಣ ಸರಳ: ವಿಳಾಸದ ಒಳಗೆ ಎಎಸ್‌ಸಿಐಐ ಅಕ್ಷರಗಳು (ಇಂಗ್ಲಿಷ್ ಅಕ್ಷರ, ಅಂಕಿ, ಕೆಲವು ಚಿಹ್ನೆ) ಮಾತ್ರ ಪ್ರಯಾಣಿಸಬಲ್ಲವು. ಅಕ್ಷರಗಳನ್ನು ಬೈಟುಗಳಾಗಿ ಇಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್, ಪ್ರತಿ ಬೈಟೂ ಶೇಕಡಾ ಚಿಹ್ನೆ ಸೇರಿ 3 ಅಕ್ಷರವಾಗುತ್ತದೆ. 'ಕ' ಎಂಬ ಒಂದೇ ಅಕ್ಷರ '%ಇ0%ಬಿ2%95' ಆಗಿ 9 ಅಕ್ಷರ ನುಂಗುತ್ತದೆ. ಒತ್ತು, ಕೊಂಬು, ಸೊನ್ನೆ ಎಲ್ಲಕ್ಕೂ ಪ್ರತ್ಯೇಕ ಲೆಕ್ಕ. 'ಕುವೆಂಪು' ಕಣ್ಣಿಗೆ ಮೂರೇ ಅಕ್ಷರ, ಒಳಗೆ 7 ಸಂಕೇತ, ವಿಳಾಸದಲ್ಲಿ 63 ಅಕ್ಷರ.

ವರ್ಡ್‌ಪ್ರೆಸ್‌ನಲ್ಲಿ ಇದರ ಪರಿಣಾಮ ಕಣ್ಣಿಗೆ ಹೊಡೆಯುತ್ತದೆ. ಅದು ಸ್ಲಗ್ಗನ್ನು ಡೇಟಾಬೇಸಿನಲ್ಲಿ ಈ ಶೇಕಡಾ ರೂಪದಲ್ಲೇ ಇಡುತ್ತದೆ, ಆ ಕಾಲಮ್ಮಿನ ಮಿತಿ 200 ಅಕ್ಷರ. ಅಂದರೆ ಕನ್ನಡಕ್ಕೆ ಸಿಗುವುದು ಸುಮಾರು 22 ಸಂಕೇತಗಳ ಜಾಗ. 'ಕುವೆಂಪು ಅವರ ನಾಟಕಗಳಲ್ಲಿ ಪ್ರಕೃತಿ' ಎಂದು ಶೀರ್ಷಿಕೆ ಕೊಟ್ಟು ನೋಡಿ. ಮೂರು ಪದ ಮುಗಿಯುವಷ್ಟರಲ್ಲಿ, ಅಡ್ಡಗೆರೆ ಸೇರಿ, 183 ಅಕ್ಷರ ಖರ್ಚಾಗಿರುತ್ತದೆ. 'ಪ' ಸೇರಿದರೆ 192, ಅದರ ಮುಂದಿನ ಹಲಂತಕ್ಕೆ ಜಾಗವಿಲ್ಲ. ವಿಳಾಸ 'ಕುವೆಂಪು-ಅವರ-ನಾಟಕಗಳಲ್ಲಿ-ಪ' ಎಂದು ನಿಂತುಬಿಡುತ್ತದೆ. ಪುಟ ತೆರೆಯುತ್ತದೆ, ತಪ್ಪೇನೂ ಇಲ್ಲ. ಆದರೆ ಓದಬಲ್ಲ ವಿಳಾಸ ಮಾಡಲು ಹೊರಟು ಸಿಕ್ಕಿದ್ದು ಇದು. ಪ್ರಕಟಿಸುವ ಮೊದಲು ಸ್ಲಗ್ ಪೆಟ್ಟಿಗೆಯಲ್ಲಿ ನೀವೇ 'ಕುವೆಂಪು-ನಾಟಕ' ಎಂದು ಚಿಕ್ಕದಾಗಿ ಬರೆದರೆ ಈ ಕಾಟವಿಲ್ಲ.

ಜ್ಯಾಂಗೋ (ಪೈಥಾನ್ ಭಾಷೆಯಲ್ಲಿ ಸೈಟು ಕಟ್ಟುವ ಚೌಕಟ್ಟು) ಬಳಸುವವರಿಗೆ ಇದಕ್ಕಿಂತ ದೊಡ್ಡ ಗಂಡಾಂತರ ಕಾದಿದೆ. ಶೀರ್ಷಿಕೆಯಿಂದ ಸ್ಲಗ್ ಮಾಡುವ ಅದರ ಸ್ಲಗಿಫೈ ಫಂಕ್ಷನ್ ಮಾಮೂಲಾಗಿ ಕನ್ನಡವನ್ನು ಪೂರ್ತಿ ಅಳಿಸಿ ಖಾಲಿ ಸ್ಲಗ್ ಕೊಡುತ್ತದೆ. ಯೂನಿಕೋಡ್ ಇರಲಿ ಎಂದು ಹೇಳಿದರೆ ಅಕ್ಷರಗಳನ್ನು ಉಳಿಸಿ ಗುಣಿತದ ಚಿಹ್ನೆಗಳನ್ನು ಕಿತ್ತುಹಾಕುತ್ತದೆ, ಏಕೆಂದರೆ ಪೈಥಾನಿನ ರೆಗೆಕ್ಸ್ (ಅಕ್ಷರಗಳ ಮಾದರಿ ಹೊಂದಿಸುವ ಸೂತ್ರ) ಲೆಕ್ಕದಲ್ಲಿ ಕೊಂಬು, ಇಳಿ, ಹಲಂತ ಯಾವುದೂ 'ಪದದ ಅಕ್ಷರ' ಅಲ್ಲ. 'ಮೈಸೂರು ದಸರಾ' ಕೊಟ್ಟರೆ 'ಮಸರ-ದಸರ' ಹೊರಬರುತ್ತದೆ! ವಿಳಾಸದ ತುಂಡನ್ನು ಗುರುತಿಸುವ, ಸ್ಲಗ್ ಎಂಬ ಅದರ ಪಾತ್ ಕನ್ವರ್ಟರ್ ಕೂಡ ಇಂಗ್ಲಿಷ್ ಅಕ್ಷರ, ಅಂಕಿ, ಅಡ್ಡಗೆರೆ, ಕೆಳಗೆರೆಗಳನ್ನಷ್ಟೇ ಒಪ್ಪುವುದರಿಂದ, ಕನ್ನಡ ವಿಳಾಸ ಬೇಕಿದ್ದರೆ ಅಲ್ಲಿ ಎಸ್‌ಟಿಆರ್ ಬಳಸಬೇಕು, ಸ್ಲಗ್ ಮಾಡುವ ಫಂಕ್ಷನ್ನನ್ನು ನೀವೇ ಬರೆದುಕೊಳ್ಳಬೇಕು. ಬರೆಯುವಾಗ ಎರಡು ಸಂಗತಿ ನೆನಪಿರಲಿ. 'ಸಾಫ್ಟ್‌ವೇರ್' ಎಂಬಂಥ ಪದಗಳ ನಡುವೆ ಕಣ್ಣಿಗೆ ಕಾಣದ ಜೋಡಣೆ ತಡೆಯುವ ಚಿಹ್ನೆ ಇರುತ್ತದೆ. ಅದಿರುವ ವಿಳಾಸ, ಇಲ್ಲದ ವಿಳಾಸ ಸರ್ವರ್‌ಗೆ ಬೇರೆ ಬೇರೆ. ಹಾಗೆಯೇ 'ಕೋ' ಅಕ್ಷರದ ಗುಣಿತವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿಸಿಯೂ ಬರೆಯಬಹುದು. ಯೂನಿಕೋಡಿನ ಎನ್‌ಎಫ್‌ಸಿ ರೂಪಕ್ಕೆ (ಬಿಡಿ ಸಂಕೇತಗಳನ್ನು ಕೂಡಿಸಿದ ರೂಪ) ತಂದು ಆಮೇಲೆ ಹೋಲಿಸಿ.

ಇಂಗ್ಲಿಷ್ ಅಕ್ಷರದ ದಾರಿಯಲ್ಲಿ ಇದಾವುದೂ ಇಲ್ಲ. ವಿಳಾಸ ಚಿಕ್ಕದು, ಎಲ್ಲಿ ಅಂಟಿಸಿದರೂ ಹಾಗೇ ಉಳಿಯುತ್ತದೆ, ಪೋಸ್ಟರಿನಲ್ಲಿ ಅಚ್ಚು ಹಾಕಿಸಬಹುದು. ಬದಲಿಗೆ ಕಾಗುಣಿತದ ರಗಳೆ: ಹಳ್ಳಿಯೂ ಹಲ್ಲಿಯೂ ಒಂದೇ ಸ್ಲಗ್ ಆಗುತ್ತವೆ, ದೀರ್ಘವನ್ನು ಒಬ್ಬರು ಎರಡು ಅಕ್ಷರದಲ್ಲಿ, ಇನ್ನೊಬ್ಬರು ಒಂದರಲ್ಲಿ ಬರೆಯುತ್ತಾರೆ. ಅಂಕಿ ಜೊತೆಗಿದ್ದರೆ ಈ ರಗಳೆಯಿಂದ ಯಾವ ನಷ್ಟವೂ ಇಲ್ಲ. ಹುಡುಕಾಟದಲ್ಲಿ ಕನ್ನಡ ವಿಳಾಸ ಹಿಂದೆ ಬೀಳುತ್ತದೆ ಎಂಬ ಹೆದರಿಕೆಯೂ ಬೇಡ. ವಿಳಾಸದಲ್ಲಿ ಓದುಗರ ಭಾಷೆಯ ಪದಗಳಿರಲಿ ಎಂದೇ ಗೂಗಲ್ ಹೇಳುತ್ತದೆ.

ನಿಘಂಟು, ವಿಶ್ವಕೋಶ, ಊರು-ವ್ಯಕ್ತಿಗಳ ಪರಿಚಯದಂಥ, ಶೀರ್ಷಿಕೆಯೇ ಗುರುತಾಗಿರುವ ತಾಣಗಳಿಗೆ ಕನ್ನಡ ಸ್ಲಗ್ ಇರಲಿ. ಸುದ್ದಿ, ಲೇಖನ, ಅಂಗಡಿಯ ಸರಕು ಇವಕ್ಕೆ ಅಂಕಿಯ ಜೊತೆ ಇಂಗ್ಲಿಷ್ ಅಕ್ಷರದ ಮೂರ್ನಾಲ್ಕು ಪದ ಸಾಕು. ಪದಗಳ ನಡುವೆ ಕೆಳಗೆರೆ ಬೇಡ, ಅಡ್ಡಗೆರೆ ಹಾಕಿ.

ನಿಯಮ ಎಲ್ಲಿ ಬರೆಯುವುದು

ಹಲವರು ಒಂದೇ ಸರ್ವರ್ ಹಂಚಿಕೊಳ್ಳುವ ಅಗ್ಗದ ಶೇರ್ಡ್ ಹೋಸ್ಟಿಂಗ್ ಆದರೆ ಚರ್ಚೆಯೇ ಇಲ್ಲ, ಎಚ್‌ಟಿಆಕ್ಸೆಸ್. ಲೈಟ್‌ಸ್ಪೀಡ್ ಸರ್ವರ್ ಇದ್ದರೂ ಅಪಾಚೆಯ ರೀರೈಟ್ ನಿಯಮಗಳು ಅಲ್ಲಿ ನಡೆಯುತ್ತವೆ. ಫೈಲ್ ಉಳಿಸಿದ ಕೂಡಲೇ ಅಪಾಚೆಯಲ್ಲಿ ನಿಯಮ ಜಾರಿಗೆ ಬರುತ್ತದೆ, ಸರ್ವರ್ ಮರುಚಾಲನೆ ಬೇಕಿಲ್ಲ. ಈ ಅನುಕೂಲಕ್ಕೆ ತೆರುವ ಬೆಲೆಯೂ ಅದೇ: ಪ್ರತಿ ಕೋರಿಕೆಗೂ ಅಪಾಚೆ ದಾರಿಯ ಪ್ರತಿ ಫೋಲ್ಡರಿನಲ್ಲೂ ಈ ಫೈಲ್ ಇದೆಯೇ ಎಂದು ಹುಡುಕುತ್ತದೆ. ವಿಪಿಎಸ್ (ನಿಮ್ಮದೇ ಆದ ವರ್ಚುವಲ್ ಸರ್ವರ್) ತೆಗೆದುಕೊಂಡು ಮುಖ್ಯ ಕಾನ್ಫಿಗರೇಶನ್ ನಿಮ್ಮ ಕೈಗೆ ಬಂದಿದ್ದರೆ ನಿಯಮಗಳನ್ನು ಅಲ್ಲಿಗೆ ಸಾಗಿಸಿ. ಅಪಾಚೆ 2.4ರಲ್ಲಿ, ಎಚ್‌ಟಿಆಕ್ಸೆಸ್ ಓದಲು ಅನುಮತಿ ಕೊಡುವ ಅಲೋಓವರ್‌ರೈಡ್ ಮೂಲತಃ ಮುಚ್ಚಿಯೇ ಇರುತ್ತದೆ. ಹೊಸ ವಿಪಿಎಸ್‌ನಲ್ಲಿ ಎಚ್‌ಟಿಆಕ್ಸೆಸ್‌ಗೆ ಏನು ಬರೆದರೂ ಸರ್ವರ್ ಕಿವಿಗೊಡುತ್ತಿಲ್ಲ ಎಂದು ತಲೆಕೆಡಿಸಿಕೊಳ್ಳುವವರು ಮೊದಲು ನೋಡಬೇಕಾದ್ದು ಇದನ್ನೇ.

ಸಾಗಿಸುವಾಗ ಒಂದು ಗೆರೆಯನ್ನು ಗಮನಿಸಿ. ಎಚ್‌ಟಿಆಕ್ಸೆಸ್ ಒಳಗೆ ನಿಯಮ '^ಲೇಖನ/([0-9]+)' ಎಂದು ಶುರುವಾಗುತ್ತದೆ, ಏಕೆಂದರೆ ಮುಂದಿನ ಓರೆಗೆರೆಯನ್ನು ಅಪಾಚೆ ಅಷ್ಟರಲ್ಲಿ ತೆಗೆದಿರುತ್ತದೆ. ಮುಖ್ಯ ಕಾನ್ಫಿಗರೇಶನ್‌ನಲ್ಲಿ ಅದೇ ನಿಯಮ '^/ಲೇಖನ/([0-9]+)' ಆಗಬೇಕು. ಈ ಒಂದು ಓರೆಗೆರೆಯಿಂದಾಗಿ ಅಲ್ಲಿ ನಡೆದ ನಿಯಮ ಇಲ್ಲಿ ನಡೆಯುವುದಿಲ್ಲ, ತಪ್ಪು ಸಂದೇಶವೂ ಬರುವುದಿಲ್ಲ. ಕನ್ನಡ ಸ್ಲಗ್ ಇದ್ದವರು '[ಎ-ಝಡ್0-9-]+' ಎಂದು ಬರೆದರೂ ಇದೇ ಗತಿ. ಅಲ್ಲಿ '[^/]+' (ಓರೆಗೆರೆ ಬಿಟ್ಟು ಯಾವ ಅಕ್ಷರವಾದರೂ) ಬಳಸಿ.

ಪ್ರತಿ ಬಗೆಯ ಪುಟಕ್ಕೂ ಒಂದೊಂದು ರೀರೈಟ್‌ರೂಲ್ ಬರೆಯುತ್ತಾ ಹೋಗುವುದು ಹಳೆಯ ಪದ್ಧತಿ. ಹತ್ತು ನಿಯಮದವರೆಗೆ ಚೆನ್ನ. ಮೂವತ್ತಾದಾಗ ಯಾವುದು ಯಾವುದನ್ನು ಹಿಡಿಯುತ್ತಿದೆ ಎಂದು ಬರೆದವರಿಗೇ ತಿಳಿಯದು. ಇದಕ್ಕೆ ಪರ್ಯಾಯವೇ ನನಗೆ ಮೆಚ್ಚು: ನಿಜವಾದ ಫೈಲಾಗಲೀ ಫೋಲ್ಡರಾಗಲೀ ಅಲ್ಲದ ಯಾವುದೇ ವಿಳಾಸ ಬಂದರೂ ಸರ್ವರ್ ಅದನ್ನು ಇಂಡೆಕ್ಸ್.ಪಿಎಚ್‌ಪಿಗೆ ಒಪ್ಪಿಸಲಿ, ವಿಳಾಸ ಬಿಡಿಸುವ ಕೆಲಸ ಪೂರ್ತಿ ಕೋಡಿನ ಒಳಗಿನ ರೌಟರ್‌ಗೆ ಇರಲಿ. ವರ್ಡ್‌ಪ್ರೆಸ್, ಲಾರಾವೆಲ್ ಎರಡೂ ಮಾಡುವುದು ಇದನ್ನೇ. ಸಾದಾ ಪಿಎಚ್‌ಪಿ ತಾಣಕ್ಕೂ ಇದಕ್ಕೆ ದೊಡ್ಡ ಫ್ರೇಮ್‌ವರ್ಕ್ ಬೇಕಿಲ್ಲ. ಅಪಾಚೆ 2.2.16ರಿಂದ ಈಚೆಗೆ ರೀರೈಟ್ ಕೂಡ ಬೇಡ, 'ಫಾಲ್‌ಬ್ಯಾಕ್‌ರಿಸೋರ್ಸ್ /ಇಂಡೆಕ್ಸ್.ಪಿಎಚ್‌ಪಿ' ಎಂಬ ಒಂದೇ ಸಾಲು ಸಾಕು. ಆ ಸಾಲಿನ ಬಗ್ಗೆ ಇನ್ನೂ ಎಷ್ಟೋ ಜನರಿಗೆ ಗೊತ್ತೇ ಇಲ್ಲ ಎನ್ನುವುದು ನನಗೆ ಸೋಜಿಗ.

ಈ ದಾರಿಯ ದೊಡ್ಡ ಲಾಭ ಕಾಣುವುದು ಇನ್ನೊಂದು ವೆಬ್ ಸರ್ವರ್ ಆದ ಎನ್‌ಜಿನ್ಎಕ್ಸ್‌ಗೆ ಹೋಗುವಾಗ. ಅಲ್ಲಿ ಎಚ್‌ಟಿಆಕ್ಸೆಸ್ ಎಂಬುದೇ ಇಲ್ಲ, ಎಲ್ಲವೂ ಮುಖ್ಯ ಕಾನ್ಫಿಗರೇಶನ್‌ನಲ್ಲಿ, ಬದಲಿಸಿದ ಮೇಲೆ ರೀಲೋಡ್ ಮಾಡಲೇಬೇಕು. ಮೂವತ್ತು ರೀರೈಟ್‌ರೂಲ್ ಇದ್ದವರು ಒಂದೊಂದನ್ನೂ ತಿರುಗಿ ಬರೆಯುತ್ತಾ ಕೂರುತ್ತಾರೆ. ರೌಟರ್ ದಾರಿಯವರು 'ಟ್ರೈ_ಫೈಲ್ಸ್ $ಯುಆರ್‌ಐ $ಯುಆರ್‌ಐ/ /ಇಂಡೆಕ್ಸ್.ಪಿಎಚ್‌ಪಿ?$ಆರ್ಗ್ಸ್' ಎಂದು ಬರೆದು ಎದ್ದುಹೋಗುತ್ತಾರೆ. ಕೊನೆಯ '?$ಆರ್ಗ್ಸ್' ಬಿಟ್ಟರೆ ಹುಡುಕಾಟದ ಪುಟದ ಪ್ಯಾರಾಮೀಟರುಗಳು ಕಳೆದುಹೋಗುತ್ತವೆ.

ವಿಂಡೋಸ್ ಸರ್ವರ್‌ನಲ್ಲಿದ್ದರೆ ಮೈಕ್ರೋಸಾಫ್ಟಿನ ವೆಬ್ ಸರ್ವರ್ ಆದ ಐಐಎಸ್‌ಗೆ ಯುಆರ್‌ಎಲ್ ರೀರೈಟ್ ಮಾಡ್ಯೂಲ್ ಹಾಕಿಕೊಳ್ಳಿ. ನಿಯಮ ವೆಬ್.ಕಾನ್ಫಿಗ್ ಫೈಲಿನಲ್ಲಿ ಕೂರುತ್ತದೆ, ಅಪಾಚೆ ನಿಯಮಗಳನ್ನು ಆಮದು ಮಾಡುವ ಸೌಲಭ್ಯವೂ ಇದೆ. ಲೇಖನಗಳ ತಾಣವೊಂದಕ್ಕೆ ಡೇಟಾಬೇಸೇ ಅನಗತ್ಯ ಅನ್ನಿಸಿದರೆ ಹ್ಯೂಗೋ, ಜೆಕಿಲ್‌ನಂಥವು ಸೈಟು ಕಟ್ಟುವ ಸಾಧನಗಳು ಪ್ರತಿ ಪುಟವನ್ನೂ ಮೊದಲೇ ಒಂದು ಫೈಲಾಗಿಯೋ ಫೋಲ್ಡರಾಗಿಯೋ ಬರೆದಿಡುತ್ತವೆ. ಆಗ ರೀರೈಟ್ ಮಾಡುವಂಥದ್ದೇ ಏನೂ ಉಳಿಯುವುದಿಲ್ಲ. ಜಾವಾಸ್ಕ್ರಿಪ್ಟ್ ತಾಣಗಳು '#' ಹಾಕಿ ವಿಳಾಸ ಮಾಡುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಆ ಚಿಹ್ನೆಯ ನಂತರದ ಭಾಗ ಸರ್ವರ್‌ಗೆ ತಲುಪುವುದೇ ಇಲ್ಲ.

ಯಾವ ದಾರಿ ಹಿಡಿದರೂ ಹೊಸ ವಿಳಾಸ ತೆರೆದ ಮೊದಲ ಕ್ಷಣದಲ್ಲಿ ಪುಟ ಬಣ್ಣಗೆಟ್ಟು ಕಾಣಬಹುದು: ಸಿಎಸ್‌ಎಸ್ ಇಲ್ಲ, ಚಿತ್ರಗಳಿಲ್ಲ. ನಿಯಮ ಕೆಟ್ಟಿದೆ ಎಂದು ಗಾಬರಿಯಾಗಬೇಡಿ. ಬ್ರೌಸರ್ ಈಗ '/ಲೇಖನ/482/' ಎಂಬುದನ್ನು ಫೋಲ್ಡರ್ ಎಂದು ನಂಬಿ 'ಸ್ಟೈಲ್.ಸಿಎಸ್‌ಎಸ್' ಅನ್ನು ಅದರೊಳಗೆ ಹುಡುಕುತ್ತಿದೆ. ಟೆಂಪ್ಲೇಟಿನಲ್ಲಿ ಎಲ್ಲ ದಾರಿಗಳನ್ನೂ '/' ಇಂದ ಶುರುಮಾಡಿದರೆ ಸರಿಹೋಗುತ್ತದೆ.

ಎಲ್ಲವನ್ನೂ ಓದಬಲ್ಲ ವಿಳಾಸ ಮಾಡಲು ಹೋಗಬೇಡಿ ಎಂಬುದನ್ನೂ ಇಲ್ಲೇ ಹೇಳಬೇಕು. ಹುಡುಕಾಟ, ಬೆಲೆಯ ಫಿಲ್ಟರ್, ವಿಂಗಡಣೆ ಇವು ಪ್ರಶ್ನಾರ್ಥಕ ಚಿಹ್ನೆಯ ಹಿಂದೆಯೇ ಇರಲಿ. '/ಸೀರೆ/ಬೆಲೆ/500/2000/ಬಣ್ಣ/ಕೆಂಪು/ಪುಟ/3' ಎಂದು ಬರೆದರೆ ಓದುಗರಿಗೆ ಸುಖವಿಲ್ಲ, ಒಂದೇ ಪಟ್ಟಿಗೆ ಹತ್ತಾರು ದಾರಿ ಹುಟ್ಟುತ್ತದೆ. ತಾನು ಪ್ಯಾರಾಮೀಟರ್ ಇರುವ ವಿಳಾಸವನ್ನು ಚೆನ್ನಾಗಿಯೇ ಓದಬಲ್ಲೆ, ಕೆಟ್ಟದಾಗಿ ರೀರೈಟ್ ಮಾಡುವುದಕ್ಕಿಂತ ಹಾಗೇ ಬಿಡಿ ಎಂದು ಗೂಗಲ್ 2008ರಲ್ಲೇ ತಿಳಿಸಿತ್ತು.

ಹಳೆಯ ವಿಳಾಸಗಳ ಪಾಡು

ಹೊಸ ವಿಳಾಸ ಕೆಲಸ ಮಾಡಿತೆಂದು ಕೈತೊಳೆದುಕೊಂಡರೆ ಅರ್ಧ ಕೆಲಸವೇ ಆಗಿರುವುದು. ಹಳೆಯ '?ಐಡಿ=482' ಹಿಡಿದು ಬಂದವರನ್ನು ಹೊಸ ವಿಳಾಸಕ್ಕೆ ಕಳಿಸಬೇಕು. ಇಲ್ಲಿ ಅಪಾಚೆ ಬಳಸುವವರು ಎರಡು ಕಡೆ ಎಡವುತ್ತಾರೆ.

ಮೊದಲನೆಯದು, ರೀರೈಟ್‌ರೂಲ್‌ನ ಕಣ್ಣಿಗೆ ಪ್ರಶ್ನಾರ್ಥಕ ಚಿಹ್ನೆಯ ನಂತರದ್ದು ಬೀಳುವುದೇ ಇಲ್ಲ. ಅದನ್ನು ನೋಡಲು ಮೇಲೊಂದು ರೀರೈಟ್‌ಕಂಡ್ ಹಾಕಿ ಕ್ವೆರಿ_ಸ್ಟ್ರಿಂಗ್ ಪರೀಕ್ಷಿಸಬೇಕು. ಹೊಸ ವಿಳಾಸಕ್ಕೆ ಹಳೆಯ ಬಾಲ ಅಂಟಿಕೊಳ್ಳದಿರಲು 2.4ರಲ್ಲಿ ಕ್ಯೂಎಸ್‌ಡಿ ಫ್ಲಾಗ್ (ನಿಯಮದ ಕೊನೆಗೆ ಸೇರಿಸುವ ಸೂಚನೆ) ಇದೆ. ಎರಡನೆಯದು ಸುತ್ತು. ಹೊಸದನ್ನು ಒಳಗೊಳಗೇ ಹಳೆಯದಕ್ಕೆ ತಿರುಗಿಸುವ ನಿಯಮವೂ ಹಳೆಯದನ್ನು ಹೊರಗೆ ಹೊಸದಕ್ಕೆ ಕಳಿಸುವ ನಿಯಮವೂ ಒಂದೇ ಎಚ್‌ಟಿಆಕ್ಸೆಸ್‌ನಲ್ಲಿದ್ದರೆ ಅವೆರಡೂ ಒಂದನ್ನೊಂದು ಅಟ್ಟಿಸಿಕೊಂಡು ಹೋಗುತ್ತವೆ. ಬ್ರೌಸರ್ ಸಾಕಾಗಿ 'ರೀಡೈರೆಕ್ಟ್ ಹೆಚ್ಚಾಯಿತು' ಎಂದು ನಿಲ್ಲಿಸುತ್ತದೆ. 'ಇಲ್ಲಿಗೆ ನಿಲ್ಲು' ಎನ್ನುವ ಎಲ್ ಫ್ಲಾಗ್ ಇದನ್ನು ತಡೆಯುವುದಿಲ್ಲ, ಏಕೆಂದರೆ ವಿಳಾಸ ಬದಲಾದ ಮೇಲೆ ಎಚ್‌ಟಿಆಕ್ಸೆಸ್ ನಿಯಮಗಳು ಮೊದಲಿನಿಂದ ಮತ್ತೆ ಓಡುತ್ತವೆ. ಎಲ್ ಬದಲು ಎಂಡ್ ಫ್ಲಾಗ್ ಹಾಕಿ, ಅಥವಾ ಬ್ರೌಸರ್ ನಿಜಕ್ಕೂ ಕೇಳಿದ್ದೇನೆಂದು ದ_ರಿಕ್ವೆಸ್ಟ್ ಮೂಲಕ ನೋಡಿ.

ಸ್ಲಗ್ ಕೂಡ ಬೇಕಿರುವುದರಿಂದ ನಾನು ಈ ತಿರುಗಿಸುವ ಕೆಲಸವನ್ನು ಕೋಡಿಗೇ ಒಪ್ಪಿಸುತ್ತೇನೆ: 482 ಎಂಬುದಕ್ಕೆ ಈಗಿನ ಹೆಸರೇನೆಂದು ಡೇಟಾಬೇಸನ್ನು ಕೇಳಿ ಅಲ್ಲಿಗೆ ಕಳಿಸುವುದು ನಾಲ್ಕು ಸಾಲಿನ ಮಾತು. ಹಳೆಯದಕ್ಕೂ ಹೊಸದಕ್ಕೂ ಅಂಕಿಯ ನಂಟಿಲ್ಲದೆ ಸಾವಿರಾರು ಜೋಡಿಗಳಿದ್ದರೆ ಅಪಾಚೆಯ ರೀರೈಟ್‌ಮ್ಯಾಪ್ ಅಥವಾ ಎನ್‌ಜಿನ್ಎಕ್ಸ್‌ನ ಮ್ಯಾಪ್ ಬಳಸಬಹುದು. ಎರಡಕ್ಕೂ ಮುಖ್ಯ ಕಾನ್ಫಿಗರೇಶನ್ ನಿಮ್ಮ ಕೈಯಲ್ಲಿರಬೇಕು. ಎಚ್‌ಟಿಆಕ್ಸೆಸ್‌ನಲ್ಲಿ ರೀರೈಟ್‌ಮ್ಯಾಪ್ ನಡೆಯುವುದಿಲ್ಲ.

ಪರೀಕ್ಷೆ ಮುಗಿಯುವವರೆಗೆ ಸರ್ವರ್ 302 ಎಂಬ ತಾತ್ಕಾಲಿಕ ರೀಡೈರೆಕ್ಟ್ ಕೊಡಲಿ. 301 ಶಾಶ್ವತದ್ದು, ಬ್ರೌಸರುಗಳು ಅದನ್ನು ನೆನಪಿಟ್ಟುಕೊಳ್ಳುತ್ತವೆ. ತಪ್ಪು 301 ಒಮ್ಮೆ ಓದುಗರ ಫೋನಿಗೆ ಹೋದರೆ ಸರ್ವರ್‌ನಲ್ಲಿ ತಿದ್ದಿದರೂ ಅವರು ಹಳೆಯ ತಪ್ಪಿಗೇ ಹೋಗುತ್ತಿರುತ್ತಾರೆ. ಫಾರ್ಮ್ ಸಲ್ಲಿಸುವ ವಿಳಾಸ ಬದಲಾಗಿದ್ದರೆ ಪೋಸ್ಟ್ ಕೋರಿಕೆಯನ್ನು ಹಾಗೇ ಉಳಿಸುವ 308 ಬೇಕು. ಬ್ರೌಸರಿನಲ್ಲಿ ಪರೀಕ್ಷಿಸುವುದಕ್ಕಿಂತ 'ಕರ್ಲ್ -ಐ' ಎಂಬ ಕಮಾಂಡ್ ಕೊಟ್ಟು ಉತ್ತರದ ಮೊದಲ ಸಾಲು ನೋಡುವುದು ಮೇಲು, ಅದಕ್ಕೆ ಹಳೆಯ ನೆನಪಿನ ಕಾಟವಿಲ್ಲ. ಬದಲಾಯಿಸಿದ ಮೊದಲ ವಾರ ಆಕ್ಸೆಸ್ ಲಾಗ್‌ನಲ್ಲಿ 404 (ಪುಟ ಸಿಗಲಿಲ್ಲ) ಎಂದಿರುವ ಸಾಲುಗಳನ್ನು ಹೆಕ್ಕಿ ನೋಡುತ್ತಿರಿ; ನೀವು ಮರೆತ ಹಳೆಯ ಪ್ರಿಂಟ್ ಪುಟ, ಆರ್‌ಎಸ್‌ಎಸ್ ಫೀಡ್, ಯಾವುದೋ ಕಾಲದ ಮೊಬೈಲ್ ಆವೃತ್ತಿ ಎಲ್ಲವೂ ಅಲ್ಲಿ ಸಿಗುತ್ತವೆ. ರೀಡೈರೆಕ್ಟುಗಳನ್ನು ಕನಿಷ್ಠ ಒಂದು ವರ್ಷ ಇಡಿ ಎನ್ನುತ್ತದೆ ಗೂಗಲ್. ನಾಲ್ಕು ಸಾಲಿನ ಕೋಡ್ ತಾನೇ, ಅದರ ಮೇಲೂ ತೆಗೆಯಲು ನನಗೆ ಕಾರಣ ಕಾಣುವುದಿಲ್ಲ.